ಸಿಂಹಕ್ಕೆ ಸೂಜಿ ಚುಚ್ಚಬೇಕಾ?

2018ರ ಸೆಪ್ಟೆಂಬರ್ ತಿಂಗಳ ಸುದ್ದಿ ನಿಮಗೆ ನೆನಪಿರಬಹುದು. ಗುಜರಾತಿನ ಗಿರ್ ಕಾಡಿನ ದಲ್ಖಾಣಿಯಾ ವಲಯದಲ್ಲಿ ಒಂದರ ಹಿಂದೆ ಒಂದು ಸಿಂಹ ಸಾಯತೊಡಗಿದವು. ಮೊದಮೊದಲು ಅಧಿಕಾರಿಗಳು ಇದು ಸಿಂಹಗಳ ಒಳಜಗಳ, ಕಾದಾಟದ ಗಾಯ ಅಂದ್ರು. ಮೂರು ವಾರ ಕಳೆಯುವಷ್ಟರಲ್ಲಿ ಸತ್ತ ಸಿಂಹಗಳ ಲೆಕ್ಕ 23ಕ್ಕೆ ಬಂದು ನಿಂತಿತ್ತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಮಾದರಿಗಳನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಕೆನೈನ್ ಡಿಸ್ಟೆಂಪರ್ ವೈರಸ್. ಹೆಸರೇ ಹೇಳುವ ಹಾಗೆ ನಾಯಿಗಳ ಕಾಯಿಲೆ. ತರಾತುರಿಯಲ್ಲಿ ಅಮೆರಿಕದಿಂದ ಲಸಿಕೆ ತರಿಸಿ, ಹಿಡಿದು ಬೇರೆ ಇಟ್ಟಿದ್ದ ಸಿಂಹಗಳಿಗೆ ಚುಚ್ಚಿದರು.

ಆಗ ಶುರುವಾದ ವಾದ ಇನ್ನೂ ಮುಗಿದಿಲ್ಲ. ಕಾಡುಪ್ರಾಣಿಗೆ ಲಸಿಕೆ ಹಾಕಬೇಕಾ, ಬೇಡವಾ? ವನ್ಯಜೀವಿಗಳ ಬಗ್ಗೆ ಆಸಕ್ತಿ ಇರುವ ನಾಲ್ಕು ಜನ ಸೇರಿದ ಕಡೆ ಈ ಮಾತು ಎತ್ತಿ ನೋಡಿ, ಎರಡು ಪಾಳೆಯ ಆಗುತ್ತೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಕೊನೆತನಕ ಕಾಯಿಸೋದು ಬೇಡ. ಎಲ್ಲ ಕಾಡುಪ್ರಾಣಿಗಳಿಗೂ ಹಾಕಿ ಅನ್ನೋರೂ ತಪ್ಪು, ಯಾವುದಕ್ಕೂ ಬೇಡ ಅನ್ನೋರೂ ತಪ್ಪು. ಆ ಪ್ರಾಣಿ ಎಷ್ಟು ಉಳಿದಿದೆ, ಎಷ್ಟು ಜಾಗದಲ್ಲಿ ಉಳಿದಿದೆ ಅನ್ನೋದರ ಮೇಲೆ ಉತ್ತರ ನಿಂತಿದೆ. ಬೆರಳೆಣಿಕೆಯಷ್ಟು ಉಳಿದು, ಒಂದೇ ಮೂಲೆಯಲ್ಲಿ ಸಿಕ್ಕಿಕೊಂಡಿರುವ ಪ್ರಾಣಿಗೆ ಲಸಿಕೆ ಹಾಕಲೇಬೇಕು. ಆದರೆ ಅದೇ ಲಸಿಕೆ ಬೇರೆ ಕೆಲಸ ತಪ್ಪಿಸಿಕೊಳ್ಳೋಕೆ ನೆಪ ಆಗಬಾರದು.

ಈ ಕಾಯಿಲೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಮನುಷ್ಯರಿಗೆ ಬರುವ ದಡಾರ, ದನಗಳಿಗೆ ಬರುತ್ತಿದ್ದ ದೊಡ್ಡರೋಗ, ನಾಯಿಗಳ ಡಿಸ್ಟೆಂಪರ್ – ಈ ಮೂರರ ವೈರಸ್‌ಗಳೂ ಒಂದೇ ಕುಟುಂಬದ ದಾಯಾದಿಗಳು. ನಾಯಿ ಸಾಕಿದವರಲ್ಲಿ ಹಲವರು ಇದನ್ನು ನೋಡಿರ್ತೀರಿ. ನಮ್ಮೂರ ಮನೆಯಲ್ಲಿ ಕರಿಯ ಅಂತ ಒಂದು ನಾಯಿ ಇತ್ತು. ಮೊದಲು ಕಣ್ಣು ಮೂಗಲ್ಲಿ ನೀರು, ಆಮೇಲೆ ಕೆಮ್ಮು, ಭೇದಿ. ಊಟ ಬಿಟ್ಟಿತು. ಎರಡು ವಾರದ ಮೇಲೆ ಇನ್ನೇನು ಸುಧಾರಿಸಿತು ಅನ್ನುವಾಗ ಫಿಟ್ಸ್ ಶುರುವಾಯ್ತು. ಏನೋ ಅಗಿಯುತ್ತಿರುವ ಹಾಗೆ ದವಡೆ ಆಡಿಸುತ್ತಾ, ನೊರೆ ಸುರಿಸುತ್ತಾ ಬೀಳೋದು. ಊರವರು ಹುಚ್ಚು ಹಿಡಿದಿದೆ ಅಂದ್ರು. ಪಶುವೈದ್ಯರು ಬಂದು ನೋಡಿ ಡಿಸ್ಟೆಂಪರ್ ಅಂದ್ರು. ಇದಕ್ಕೆ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಮರಿ ಇದ್ದಾಗಲೇ ಲಸಿಕೆ ಹಾಕಿಸಿದ್ದರೆ ಬರುತ್ತಿರಲಿಲ್ಲ. ಅದೇ ಫಿಟ್ಸ್ ಒಂದು ಸಿಂಹಕ್ಕೆ ಬರೋದನ್ನ ಊಹಿಸಿಕೊಳ್ಳಿ.

ಊಹಿಸಿಕೊಳ್ಳಬೇಕಾಗಿಯೂ ಇಲ್ಲ, ಆಫ್ರಿಕಾದಲ್ಲಿ ಅದು ನಡೆದಿದೆ. 1994ರಲ್ಲಿ ತಾಂಜಾನಿಯಾದ ಸೆರೆಂಗೆಟಿಯಲ್ಲಿ ಸಿಂಹಗಳು ಹೀಗೇ ನಡುಗುತ್ತಾ ಬೀಳತೊಡಗಿದವು. ಸುಮಾರು 3000 ಸಿಂಹಗಳಲ್ಲಿ ಮೂರನೇ ಒಂದು ಭಾಗ ಸತ್ತವು. ಅಲ್ಲಿಯತನಕ ಡಿಸ್ಟೆಂಪರ್ ದೊಡ್ಡ ಬೆಕ್ಕುಗಳನ್ನು ಕಾಡಿನಲ್ಲಿ ಹೀಗೆ ಕೊಲ್ಲಬಹುದು ಅಂತ ಹೆಚ್ಚಿನವರು ಅಂದುಕೊಂಡಿರಲಿಲ್ಲ. ಕಾಡಿನ ಸುತ್ತ ಹಳ್ಳಿಗಳು, ಹಳ್ಳಿ ತುಂಬ ನಾಯಿಗಳು. ಎಲ್ಲರ ಬೆರಳೂ ನಾಯಿಗಳ ಕಡೆ ತಿರುಗಿತು.

ಈಗ ಮೊದಲನೇ ಪಾಳೆಯದವರ ವಾದ ನೋಡೋಣ. ನಮ್ಮ ಚಾರಣದ ಗುಂಪಿನಲ್ಲಿ ಒಬ್ಬ ಗೆಳೆಯ ಇದ್ದಾನೆ. ಅವನದ್ದು ಒಂದೇ ಮಾತು: "ಕಾಡನ್ನು ಅದರ ಪಾಡಿಗೆ ಬಿಟ್ಟುಬಿಡ್ರಯ್ಯಾ. ರೋಗ ಬರುತ್ತೆ, ಬಲ ಇಲ್ಲದ್ದು ಸಾಯುತ್ತೆ, ಬಲ ಇದ್ದದ್ದು ಉಳಿಯುತ್ತೆ. ಇವತ್ತು ಲಸಿಕೆ ಹಾಕ್ತೀರಿ, ನಾಳೆ ಊಟಾನೂ ತಟ್ಟೆಗೆ ಹಾಕ್ತೀರಿ. ಆಮೇಲೆ ಅದು ಕಾಡಲ್ಲ, ಝೂ." ಕೇಳೋಕೆ ಚೆನ್ನಾಗಿದೆ, ಅರ್ಧ ಸತ್ಯವೂ ಇದೆ. ಸೆರೆಂಗೆಟಿಯ ಸಿಂಹಗಳು ಯಾರೂ ಚುಚ್ಚದೇ ಇದ್ದರೂ ಕೆಲವೇ ವರ್ಷಗಳಲ್ಲಿ ಮತ್ತೆ ಮೊದಲಿನ ಸಂಖ್ಯೆ ಮುಟ್ಟಿದವು. ಆದರೆ ಅವನು ಮರೆಯೋದು ಏನು ಅಂದ್ರೆ, ಸಾವಿರ ಸತ್ತಮೇಲೂ ಅಲ್ಲಿ ಎರಡು ಸಾವಿರ ಉಳಿದಿದ್ದವು. ಇನ್ನೂರೇ ಇರುವ ಕಡೆ ಅದೇ ವೈರಸ್ ಬಂದರೆ ಮತ್ತೆ ಚಿಗುರೋಕೆ ಏನು ಉಳಿಯುತ್ತೆ?

ಇನ್ನೊಂದು ವಿಷಯ. "ಅದರ ಪಾಡು" ಅನ್ನೋದು ಎಲ್ಲಿದೆ ಹೇಳಿ? ದನಗಳ ದೊಡ್ಡರೋಗದ ಕಥೆ ನೋಡಿ. 1968ರ ಸುಮಾರಿಗೆ ಬಂಡೀಪುರ–ಮುದುಮಲೆ ಕಾಡಿನಲ್ಲಿ ಆ ರೋಗ ಹೊಕ್ಕು ಕಾಟಿಗಳ ಹಿಂಡುಗಳನ್ನೇ ಬರಿದು ಮಾಡಿತ್ತು. ಅದು ದನಗಳ ಜೊತೆ ಬಂದ ರೋಗ. ಸೆರೆಂಗೆಟಿಯಲ್ಲೂ ಅದೇ ರೋಗ ಪ್ರತಿ ವರ್ಷ ವೈಲ್ಡ್‌ಬೀಸ್ಟ್ ಕರುಗಳನ್ನು ಕೊಲ್ಲುತ್ತಿತ್ತು. ಅಲ್ಲಿ ಒಂದೇ ಒಂದು ವೈಲ್ಡ್‌ಬೀಸ್ಟ್‌ಗೂ ಸೂಜಿ ಚುಚ್ಚಲಿಲ್ಲ, ಸುತ್ತಲಿನ ಹಳ್ಳಿಗಳ ದನಗಳಿಗೆ ಲಸಿಕೆ ಹಾಕಿದರು ಅಷ್ಟೇ. 1960ರ ದಶಕದಲ್ಲಿ ಕಾಡಿನೊಳಗಿನ ರೋಗ ತಾನಾಗೇ ಮಾಯವಾಯ್ತು. ಎರಡೂವರೆ ಲಕ್ಷ ಇದ್ದ ವೈಲ್ಡ್‌ಬೀಸ್ಟ್‌ಗಳು 1970ರ ದಶಕದ ಕೊನೆಯ ಹೊತ್ತಿಗೆ ಹದಿಮೂರು ಲಕ್ಷ ಆದವು. 2011ರಲ್ಲಂತೂ ದೊಡ್ಡರೋಗವನ್ನು ಭೂಮಿಯಿಂದಲೇ ತೊಲಗಿಸಿದ್ದಾಯ್ತು. ಇವತ್ತು ನಾಗರಹೊಳೆಯಲ್ಲಿ ಕಾಟಿ ಹಿಂಡು ನೋಡಿ ಫೋಟೋ ತೆಗೆದು ಖುಷಿಪಡುವ ನಾವೆಲ್ಲ, ಹಳ್ಳಿಹಳ್ಳಿಗೆ ಐಸ್‌ಪೆಟ್ಟಿಗೆ ಹೊತ್ತು ಹೋಗಿ ದನಗಳಿಗೆ ಚುಚ್ಚಿದ ಪಶುವೈದ್ಯ ಇಲಾಖೆಯವರಿಗೆ ಒಂದು ನಮಸ್ಕಾರ ಹೇಳಬೇಕು.

ಇದನ್ನೇ ಹಿಡಿದುಕೊಂಡು ಇನ್ನೊಂದು ಪಾಳೆಯ ಹೇಳುತ್ತೆ, "ಸರಿ ಹಾಗಾದ್ರೆ, ನಾಯಿಗಳಿಗೆ ಹಾಕಿದರೆ ಸಾಕಲ್ವಾ? ಸಿಂಹದ ತಂಟೆ ಯಾಕೆ?" ನನಗೂ ಇದೇ ಎಲ್ಲಕ್ಕಿಂತ ಸರಳ ದಾರಿ ಅಂತ ಕಾಣುತ್ತಿತ್ತು. ಸೆರೆಂಗೆಟಿಯವರು ಅದನ್ನೂ ಮಾಡಿ ನೋಡಿದರು. 1990ರ ದಶಕದಿಂದ ಸುತ್ತಲಿನ ಹಳ್ಳಿಗಳ ನಾಯಿಗಳಿಗೆ ರೇಬೀಸ್, ಡಿಸ್ಟೆಂಪರ್ ಲಸಿಕೆ ಹಾಕುತ್ತಾ ಬಂದರು. ರೇಬೀಸ್ ವಿಷಯದಲ್ಲಿ ಇದು ಕೆಲಸ ಮಾಡುತ್ತೆ. ಅಲ್ಲಿ ರೇಬೀಸ್ ಉಳಿದುಕೊಂಡಿರೋದು ನಾಯಿಗಳಲ್ಲೇ, ನೂರಕ್ಕೆ ಎಪ್ಪತ್ತು ನಾಯಿಗೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತೆ. ಡಿಸ್ಟೆಂಪರ್ ಮಾತ್ರ ಬೇರೆ ಆಟ ಆಡಿತು. ಸುಮಾರು ಮೂರು ದಶಕಗಳ ಸಿಂಹ, ನಾಯಿಗಳ ರಕ್ತಪರೀಕ್ಷೆಯ ದಾಖಲೆ ಹಿಡಿದು 2015ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದು ಇಷ್ಟು: ನಾಯಿಗಳಲ್ಲಿ ಸೋಂಕು ಇಳಿಯಿತು, ಆದರೆ ಸಿಂಹಗಳಿಗೆ ತಗಲೋದು ನಿಲ್ಲಲಿಲ್ಲ. ಅಂದರೆ ವೈರಸ್ ಆಗಲೇ ನಾಯಿಮನೆ ದಾಟಿ ಕಾಡಿನ ಬೇರೆ ಮಾಂಸಾಹಾರಿಗಳಲ್ಲೂ ಸುತ್ತಾಡ್ತಾ ಇತ್ತು. ದೊಡ್ಡರೋಗಕ್ಕೆ ದನದ ಕೊಟ್ಟಿಗೆಯೇ ತವರು. ಡಿಸ್ಟೆಂಪರ್‌ಗೆ ಹತ್ತಾರು ಮನೆ. ಒಂದು ಮನೆಗೆ ಬೀಗ ಹಾಕಿದರೆ ಇನ್ನೊಂದರಲ್ಲಿ ಮಲಗುತ್ತೆ.

ರಷ್ಯಾದ ದೂರಪೂರ್ವದ ಹುಲಿಗಳಲ್ಲೂ ಇದೇ ಕಂಡಿತು. 2003ರಲ್ಲಿ ಅಲ್ಲಿ ಒಂದು ಹೆಣ್ಣುಹುಲಿ ಮನುಷ್ಯರ ಭಯವೇ ಇಲ್ಲದೆ ಮಂಕಾಗಿ ಊರೊಳಗೆ ನಡೆದು ಬಂದಿತ್ತು. ಆಮೇಲೆ ಪರೀಕ್ಷೆಯಲ್ಲಿ ಅದಕ್ಕೆ ಡಿಸ್ಟೆಂಪರ್ ಇತ್ತು ಅಂತ ತಿಳಿಯಿತು. 2020ರ ಅಧ್ಯಯನವೊಂದು ಅಲ್ಲಿನ ಹುಲಿಗಳಿಗೆ ವೈರಸ್ ಬರೋದು ಮುಖ್ಯವಾಗಿ ಬೇರೆ ಕಾಡುಪ್ರಾಣಿಗಳಿಂದ, ನಾಯಿಗಳಿಗೆ ಲಸಿಕೆ ಹಾಕಿ ಇದನ್ನು ತಡೆಯಲಾಗದು ಅಂತ ತೋರಿಸಿತು. ಅದೇ ಅಧ್ಯಯನದ ಇನ್ನೊಂದು ಲೆಕ್ಕ ನನ್ನನ್ನು ತುಂಬ ಯೋಚನೆಗೆ ಹಚ್ಚಿತು. ಸಣ್ಣ ಹುಲಿ ಗುಂಪೊಂದರಲ್ಲಿ ವರ್ಷಕ್ಕೆ ಎರಡೇ ಎರಡು ಹುಲಿಗೆ ಲಸಿಕೆ ಹಾಕಿದರೂ ಸಾಕು, ಐವತ್ತು ವರ್ಷದಲ್ಲಿ ಆ ಗುಂಪು ಅಳಿದುಹೋಗುವ ಸಂಭವ ನೂರಕ್ಕೆ ಸುಮಾರು 16ರಿಂದ 6ರ ಆಸುಪಾಸಿಗೆ ಇಳಿಯುತ್ತೆ. ಎರಡೇ ಹುಲಿ! ಎಲ್ಲವನ್ನೂ ಹಿಡಿಯಬೇಕಾಗಿಲ್ಲ.

ಇದು ಬರೀ ಕಂಪ್ಯೂಟರ್ ಲೆಕ್ಕ ಅನ್ನಬೇಡಿ. ಇಥಿಯೋಪಿಯಾದ ಬಾಲೆ ಬೆಟ್ಟಗಳಲ್ಲಿ ಕೆಂಪು ಬಣ್ಣದ, ಉದ್ದ ಮೂತಿಯ ತೋಳಗಳಿವೆ. ಇಡೀ ಪ್ರಪಂಚದಲ್ಲಿ ಐನೂರಕ್ಕಿಂತ ಕಡಿಮೆ. ಕುರಿ ಕಾಯುವವರ ನಾಯಿಗಳ ಜೊತೆ ರೇಬೀಸ್ ಮತ್ತೆ ಮತ್ತೆ ಬೆಟ್ಟ ಹತ್ತುತ್ತೆ. 2003ರಲ್ಲಿ ಒಂದು ಕಣಿವೆಯಲ್ಲಿ ರೋಗ ಬಿದ್ದು ಅಲ್ಲಿದ್ದ ತೋಳಗಳಲ್ಲಿ ಮುಕ್ಕಾಲು ಪಾಲು ಸತ್ತವು. ಆಗ ಅಲ್ಲಿನವರು ಜಾಣತನ ಮಾಡಿದರು. ರೋಗ ಇರುವ ಕಣಿವೆಯಿಂದ ಮುಂದಿನ ಕಣಿವೆಗೆ ಹೋಗುವ ದಾರಿಯಲ್ಲಿರುವ ಗುಂಪುಗಳನ್ನು ಹಿಡಿದು, ಸುಮಾರು 70 ತೋಳಗಳಿಗೆ ಲಸಿಕೆ ಹಾಕಿ ಬಿಟ್ಟರು. ರೋಗ ಅಲ್ಲಿಗೇ ನಿಂತಿತು. ಗದ್ದೆಗೆ ಬೆಂಕಿ ಬಿದ್ದಾಗ ನಡುವೆ ಒಂದು ಪಟ್ಟಿ ಹುಲ್ಲು ಸವರಿ ತೆಗೀತೀವಲ್ಲ, ಅದೇ ಉಪಾಯ. ಆಮೇಲೆ ಮೇಕೆ ಮಾಂಸದೊಳಗೆ ಲಸಿಕೆ ಇಟ್ಟು ತೋಳಗಳಿಗೆ ತಿನ್ನಿಸುವ ಪ್ರಯೋಗ ನಡೆದು, 2018ರಲ್ಲಿ ಆ ಕಾರ್ಯಕ್ರಮವೂ ಶುರುವಾಯ್ತು.

ತಿನ್ನಿಸುವ ಲಸಿಕೆ ಹೊಸದೇನಲ್ಲ. 1978ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕೋಳಿ ತಲೆಗಳ ಒಳಗೆ ರೇಬೀಸ್ ಲಸಿಕೆ ಇಟ್ಟು ನರಿಗಳಿಗಾಗಿ ಕಣಿವೆಯಲ್ಲಿ ಹರಡಿದ್ದರು. 1999ರಲ್ಲಿ ಆ ದೇಶ ರೇಬೀಸ್ ಮುಕ್ತ ಆಯಿತು. ಕೋಳಿ ತಲೆ! ನಮ್ಮೂರ ಕೋಳಿ ಅಂಗಡಿಯವನು ಕೇಳಿದ್ರೆ ಬಿದ್ದು ಬಿದ್ದು ನಗ್ತಾನೆ :-)

ಅಮೆರಿಕದ ಕ್ಯಾಟಲೀನಾ ದ್ವೀಪದ ಪುಟ್ಟ ನರಿಗಳದ್ದೂ ಇದೇ ಕಥೆ. 1999ರಲ್ಲಿ ಡಿಸ್ಟೆಂಪರ್ ಬಂದು ಸುಮಾರು 1300 ಇದ್ದದ್ದು 100ರ ಆಸುಪಾಸಿಗೆ ಇಳಿದಿತ್ತು. ಉಳಿದವಕ್ಕೆ ಲಸಿಕೆ ಹಾಕಿ, ಕೆಲವನ್ನು ಸಾಕಿ ಮರಿ ಮಾಡಿಸಿ ಬಿಟ್ಟರು. ಈಗ ಮತ್ತೆ ಸಾವಿರ ದಾಟಿವೆ.

ಹಾಗಂತ ಲಸಿಕೆ ಬೇಡ ಅನ್ನುವವರ ಭಯ ಸುಳ್ಳು ಅಂತಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲೇ ಮುಂಗುಸಿಯ ಹಾಗೆ ಕಾಣುವ ಕಪ್ಪುಗಾಲಿನ ಫೆರೆಟ್ ಅನ್ನುವ ಅಪರೂಪದ ಪ್ರಾಣಿಗಳನ್ನು ಹಿಡಿದು ತಂದು, ಡಿಸ್ಟೆಂಪರ್ ಬರಬಾರದು ಅಂತ ಲಸಿಕೆ ಹಾಕಿದರು. ಅದು ದುರ್ಬಲಗೊಳಿಸಿದ ಜೀವಂತ ವೈರಸ್ಸಿನ ಲಸಿಕೆ. ಸಾಕಿದ ಫೆರೆಟ್‌ಗಳಿಗೆ ಏನೂ ಆಗದ ಲಸಿಕೆ. ಆದರೆ ಇವಕ್ಕೆ ಆ ಲಸಿಕೆಯಿಂದಲೇ ಡಿಸ್ಟೆಂಪರ್ ಬಂದು ನಾಲ್ಕು ಸತ್ತವು. ಸೆರೆಂಗೆಟಿಯಲ್ಲಿ ಕಾಡುನಾಯಿಗಳಿಗೆ ರೇಬೀಸ್ ಲಸಿಕೆ ಹಾಕಿದ ಮೇಲೆ 1991ರಲ್ಲಿ ಅಲ್ಲಿದ್ದ ಅಧ್ಯಯನದ ಗುಂಪುಗಳೆಲ್ಲ ಇಲ್ಲವಾದವು. ಹಿಡಿದು ಚುಚ್ಚಿದ ಒತ್ತಡದಿಂದಲೇ ಹೀಗಾಯ್ತು ಅಂತ ಒಬ್ಬ ವಿಜ್ಞಾನಿ ವಾದಿಸಿದರು, ಉಳಿದವರು ಒಪ್ಪಲಿಲ್ಲ, ವರ್ಷಗಟ್ಟಲೆ ಜಗಳ ನಡೆಯಿತು. ಈ ಎರಡು ಪ್ರಸಂಗ ಗೊತ್ತಿದ್ದವರು ಸೂಜಿ ಕಂಡರೆ ಹಿಂಜರಿಯೋದು ಸಹಜ.

ಆದರೆ ಕಾಲ ನಿಂತಿಲ್ಲ. ಈಗ ಕ್ಯಾನರಿ ಹಕ್ಕಿಯ ಸಿಡುಬಿನ ವೈರಸ್ಸಿನೊಳಗೆ ಡಿಸ್ಟೆಂಪರ್‌ನ ಒಂದೆರಡು ಜೀನ್ ಮಾತ್ರ ಸೇರಿಸಿ ಮಾಡಿದ ಲಸಿಕೆ ಇದೆ. ಅದರಲ್ಲಿ ಇಡೀ ಡಿಸ್ಟೆಂಪರ್ ವೈರಸ್ ಇಲ್ಲವೇ ಇಲ್ಲ, ಹಾಗಾಗಿ ಲಸಿಕೆಯಿಂದ ಕಾಯಿಲೆ ಬರುವ ಮಾತಿಲ್ಲ. ಕ್ಯಾಟಲೀನಾದ ನರಿಗಳಿಗೆ ಕೊಟ್ಟದ್ದು ಇದನ್ನೇ, ಗಿರ್ ಸಿಂಹಗಳಿಗಾಗಿ ತರಿಸಿದ್ದೂ ಇದನ್ನೇ. ತೊಂದರೆ ಇರೋದು ಬೇರೆ ಕಡೆ. ಒಂದು ಡೋಸ್ ಸಾಲದು, ಮತ್ತೆ ಹಿಡಿಯಬೇಕು. ಪ್ರತಿ ಸಲ ಅರಿವಳಿಕೆ ಕೊಡಬೇಕು, ಅದರಲ್ಲೂ ಅಪಾಯ ಇದೆ. ಖರ್ಚಿದೆ, ನುರಿತ ವೈದ್ಯರು ಬೇಕು. ಅದಕ್ಕೇ ನಾನು ಹೇಳೋದು, ಸಿಕ್ಕಿದ್ದಕ್ಕೆಲ್ಲ ಚುಚ್ಚೋ ಕೆಲಸ ಅಲ್ಲ ಇದು.

ಸರಿ, ಈಗ ಗಿರ್‌ಗೆ ವಾಪಸ್ ಬರೋಣ. 2015ರಲ್ಲಿ 523 ಇದ್ದ ಸಿಂಹಗಳು 2020ರಲ್ಲಿ 674 ಆದವು, 2025ರ ಎಣಿಕೆಯಲ್ಲಿ 891. ಸಂತೋಷದ ಸುದ್ದಿಯೇ. ಆದರೆ ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರೋದು ಗಿರ್ ಅಭಯಾರಣ್ಯದ ಹೊರಗೆ. ಹೊಲ, ತೋಟ, ಊರಂಚು. ಊರಾಚೆ ಎಸೆದ ಸತ್ತ ದನವನ್ನು ಸಿಂಹವೂ ತಿನ್ನುತ್ತೆ, ನಾಯಿಯೂ ತಿನ್ನುತ್ತೆ. ಒಂದೇ ತಟ್ಟೆಯಲ್ಲಿ ಊಟ! ಇಡೀ ಏಷ್ಯಾದ ಕಾಡುಸಿಂಹಗಳೆಲ್ಲ ಸೌರಾಷ್ಟ್ರ ಅನ್ನುವ ಒಂದೇ ಬುಟ್ಟಿಯಲ್ಲಿವೆ. ಸೆರೆಂಗೆಟಿಯಲ್ಲಿ 1994ರ ಸಾವುಗಳಿಗೆ ಬರೀ ಡಿಸ್ಟೆಂಪರ್ ಕಾರಣ ಅಲ್ಲ ಅಂತ ಆಮೇಲೆ ಗೊತ್ತಾಯ್ತು. ಬರಗಾಲದಲ್ಲಿ ಸೊರಗಿದ ಕಾಡೆಮ್ಮೆಗಳ ಮೈತುಂಬ ಉಣ್ಣೆ, ಆ ಉಣ್ಣೆಗಳಿಂದ ಸಿಂಹಗಳಿಗೆ ಬಬೇಸಿಯಾ ಅನ್ನುವ ರಕ್ತದ ಪರೋಪಜೀವಿ, ಅದರ ಮೇಲೆ ಡಿಸ್ಟೆಂಪರ್. ಎರಡೂ ಒಟ್ಟಿಗೆ ಬಂದಾಗ ಮಾರಿ. ಬರಗಾಲ, ಉಣ್ಣೆ, ನಾಯಿ – ಈ ಮೂರರಲ್ಲಿ ಯಾವುದಕ್ಕೆ ಸೌರಾಷ್ಟ್ರದಲ್ಲಿ ಕೊರತೆ ಇದೆ?

ಹಾಗಾಗಿ ಗಿರ್‌ನಲ್ಲಿ ಲಸಿಕೆ ಬೇಕು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಬೆಂಕಿ ಬಿದ್ದ ಮೇಲೆ ವಿಮಾನದಲ್ಲಿ ತರಿಸೋದಲ್ಲ. ಯಾವ ಗುಂಪಿಗೆ, ಎಷ್ಟಕ್ಕೆ, ಯಾವ ದಾರಿಯಲ್ಲಿ ಪಟ್ಟಿ ಸವರಬೇಕು ಅಂತ ಮೊದಲೇ ಬರೆದಿಟ್ಟುಕೊಂಡಿರಬೇಕು. ಆದರೆ ಲಸಿಕೆ ಹಾಕಿದ್ವಿ, ಇನ್ನು ಎರಡನೇ ಮನೆ ಬೇಡ ಅನ್ನೋ ಮಾತು ಬಂದರೆ ಮಾತ್ರ ನಾನು ಒಪ್ಪಲ್ಲ. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೆಲವು ಸಿಂಹಗಳನ್ನು ಮಧ್ಯಪ್ರದೇಶದ ಕುನೋಗೆ ಆರು ತಿಂಗಳಲ್ಲಿ ಕಳಿಸಿ ಅಂದಿತ್ತು. ಒಂದೂ ಹೋಗಲಿಲ್ಲ. 2022ರಲ್ಲಿ ಅದೇ ಕುನೋಗೆ ನಮೀಬಿಯಾದಿಂದ ಚೀತಾ ಬಂತು. ವಿಚಿತ್ರ ನೋಡಿ, ಚೀತಾ ಬರುವ ಮೊದಲು ಕುನೋ ಸುತ್ತಲಿನ ಹಳ್ಳಿಗಳ ನಾಯಿಗಳಿಗೆ ಲಸಿಕೆ ಹಾಕುವ ಮುತುವರ್ಜಿ ಇತ್ತು. ಸಾಗರ ದಾಟಿ ಬರುವ ಅತಿಥಿಗೆ ಮಾಡಿದ ಏರ್ಪಾಡು ಮನೆಮಗನಿಗೆ ಯಾಕಿಲ್ಲ? ಈಗ ಗುಜರಾತಿನ ಒಳಗೇ ಬರಡಾ ಕಾಡಿನಲ್ಲಿ 17 ಸಿಂಹಗಳಿವೆ ಅಂತ 2025ರ ಎಣಿಕೆ ಹೇಳುತ್ತೆ. ಒಳ್ಳೇದೇ. ಆದರೆ ಅದು ಅದೇ ಸೌರಾಷ್ಟ್ರ, ಅದೇ ಬರಗಾಲ, ಅದೇ ನಾಯಿಗಳು. ಒಂದೇ ಮನೆಯ ಎರಡು ಕೋಣೆ ಇದ್ದ ಹಾಗೆ.

ನಮ್ಮ ಕಡೆ ಏನು ಅಂತ ಕೇಳ್ತೀರಾ? ನಾಗರಹೊಳೆ, ಬಂಡೀಪುರ, ಮುದುಮಲೆ, ವಯನಾಡು ಒಂದಕ್ಕೊಂದು ಅಂಟಿಕೊಂಡ ಕಾಡು. ಹುಲಿಗಳು ಸಾಕಷ್ಟಿವೆ, ಹೋಗಿಬರುವ ದಾರಿ ಇದೆ. ಇಲ್ಲಿ ಹುಲಿ ಹಿಡಿದು ಚುಚ್ಚುವ ಅಗತ್ಯ ಇವತ್ತಿಗೆ ನನಗೆ ಕಾಣಲ್ಲ. ನನಗೆ ಚಿಂತೆ ಇರೋದು ಸೀಳುನಾಯಿಗಳದ್ದು. ಕೃಪಾಕರ–ಸೇನಾನಿಯವರ ಸಾಕ್ಷ್ಯಚಿತ್ರ ನೋಡಿದವರಿಗೆ ಅವು ಹೇಗೆ ಒಟ್ಟಾಗಿ ಬದುಕುತ್ತವೆ ಅಂತ ಗೊತ್ತು. ಒಂದು ಗುಂಪಿನಲ್ಲಿ ಒಂದೇ ತಟ್ಟೆ, ಒಂದೇ ಗೂಡು, ಮರಿಗಳಿಗೆ ಕಕ್ಕಿ ಉಣಿಸೋದು. ಒಂದಕ್ಕೆ ತಗುಲಿದರೆ ಎಲ್ಲಕ್ಕೂ ತಗುಲಿದ ಹಾಗೆ. ಊರನಾಯಿಯ ಹತ್ತಿರದ ನೆಂಟರು ಬೇರೆ. ಕಾಡಂಚಿನ ರೆಸಾರ್ಟುಗಳ ಹಿಂದೆ ಎಸೆಯುವ ಬಿರಿಯಾನಿ ತಿಂದು ಬೆಳೆದ ನಾಯಿಗಳ ಹಿಂಡು ಕಾಡೊಳಗೆ ಜಿಂಕೆ ಅಟ್ಟಿಸಿಕೊಂಡು ಹೋಗೋದನ್ನ ನೀವೂ ನೋಡಿರ್ತೀರಿ.

2025ರ ಆಗಸ್ಟ್‌ನಲ್ಲಿ ದಿಲ್ಲಿಯ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಆದೇಶ ಬಂದಾಗ ಎಷ್ಟು ಗಲಾಟೆ ಆಯ್ತು! ನಾಯಿ ಪರ, ನಾಯಿ ವಿರೋಧ, ಎಲ್ಲರೂ ಮಾತಾಡಿದರು. ಕಾಡಂಚಿನ ನಾಯಿಯ ಮಾತು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ. ಅಲ್ಲಿನ ನಾಯಿಗೆ ರೇಬೀಸ್ ಜೊತೆಗೇ ಡಿಸ್ಟೆಂಪರ್ ಲಸಿಕೆಯನ್ನೂ ಹಾಕಿ. ಸಿಂಹ, ಹುಲಿಗೆ ಅದು ಪೂರ್ತಿ ಗುರಾಣಿ ಆಗದಿರಬಹುದು, ಸೆರೆಂಗೆಟಿ ಅದನ್ನು ಕಲಿಸಿದೆ. ಆದರೂ ವೈರಸ್ಸಿನ ದೊಡ್ಡ ಮನೆಯೊಂದಕ್ಕೆ ಬೀಗ ಬೀಳುತ್ತೆ, ರೇಬೀಸ್‌ನಿಂದ ಆ ಊರಿನ ಮಕ್ಕಳು ಉಳಿಯುತ್ತಾರೆ, ಕರಿಯನಂಥ ನಾಯಿಗಳೂ ಉಳಿಯುತ್ತವೆ. ಕಸವನ್ನು ಕಾಡಂಚಿಗೆ ಸುರಿಯೋದು ನಿಲ್ಲಿಸಿ. ಕಾಡಿನಲ್ಲಿ ಸೀಳುನಾಯಿ, ಚಿರತೆ, ಕತ್ತೆಕಿರುಬ ಸತ್ತು ಸಿಕ್ಕಾಗ ಸುಟ್ಟುಹಾಕುವ ಮೊದಲು ಮಿದುಳು, ಶ್ವಾಸಕೋಶದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿ. ಗಿರ್‌ನಲ್ಲಿ "ಕಾದಾಟ" ಅನ್ನುತ್ತಾ ಕಳೆದ ದಿನಗಳು ಎಷ್ಟು ದುಬಾರಿ ಆದವು ಅಂತ ನೋಡಿದ್ದೀವಲ್ಲ.

ಗೆಳೆಯನ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಕಾಡಿನ ಸುತ್ತ ಊರು ಕಟ್ಟಿದ್ದು ನಾವು, ನಾಯಿ ಬಿಟ್ಟಿದ್ದು ನಾವು, ಸಿಂಹವನ್ನು ಒಂದೇ ಮೂಲೆಗೆ ಒತ್ತಿದ್ದೂ ನಾವು. ಇಷ್ಟೆಲ್ಲ ಮಾಡಿ, ರೋಗ ಬಂದಾಗ ಮಾತ್ರ "ಪ್ರಕೃತಿ ನೋಡಿಕೊಳ್ಳುತ್ತೆ" ಅಂತ ಕೈತೊಳೆದುಕೊಳ್ಳೋದು ಯಾವ ನ್ಯಾಯ?

ನೀವೇನಂತೀರಿ? ಕಾಡಂಚಿನ ಊರುಗಳವರು, ಪಶುವೈದ್ಯರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಕಡೆ ನಾಯಿಗಳಿಗೆ ಯಾವ ಲಸಿಕೆ ಬೀಳುತ್ತಿದೆ ಅಂತ ದಯವಿಟ್ಟು ಬರೆದು ತಿಳಿಸಿ. ಈ ವಿಷಯದಲ್ಲಿ ನನಗೆ ಇನ್ನೂ ಕೇಳೋದಿದೆ.